ಮನಾಲಿಯ ಹಳದಿ ಹೂವು

ಜುಲೈ 2, ಬುಧವಾರ
ಬಾದನಹಟ್ಟಿ ಬಸ್ಸು ಮತ್ತೆ ಲೇಟ್. ಬಳ್ಳಾರಿ ಮುಟ್ಟಿದಾಗ ಹತ್ತೂಕಾಲು. ಕಾಲೇಜಿನ ಬಾಟನಿ ಲ್ಯಾಬ್ ಗುಡಿಸಿ, ಹರ್ಬೇರಿಯಂ ಕಪಾಟು ತೆರೆದೆ. ಒಣಗಿಸಿ ಅಂಟಿಸಿದ ಗಿಡಗಳ ಹಾಳೆಗಳನ್ನೆಲ್ಲ ಹೊಸ ಎಚ್‌ಓಡಿ ಶ್ರೀಕೃತಿ ಮೇಡಂ ಸ್ಕ್ಯಾನ್ ಮಾಡಿಸುತ್ತಿದ್ದಾರೆ.

"ಹೆಸರಿಲ್ಲದ ಶೀಟ್ ಬ್ಯಾಡ ಗವಿಸಿದ್ದಪ್ಪ. ಹದಿನೈದನೇ ತಾರೀಖಿನೊಳಗ ತೆಗೆದುಹಾಕಿಬಿಡ್ರಿ."

ಅಂಥವು ಹನ್ನೆರಡು. ಒಂದು ನನ್ನದು. 2003ರ ಮನಾಲಿ ಸ್ಟಡಿ ಟೂರ್... ಲಗೇಜ್ ಹೊರಲು ನನ್ನನ್ನು ಕರೆದೊಯ್ದಿದ್ದರು. ಹಿಮ ಕರಗಿ ಹರಿಯುವ ತೊರೆಯ ದಂಡೆಯಲ್ಲಿ ಐದು ಎಸಳಿನ ಹಳದಿ ಹೂವು — ಕಂಡವನೂ ನಾನೇ, ಕಿತ್ತವನೂ ನಾನೇ. ಅಷ್ಟು ದೂರ ಮತ್ತೆ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ಲೇಬಲ್ಲಿನಲ್ಲಿ ಹೆಸರಿದ್ದ ಜಾಗವನ್ನು ಬೆಳ್ಳಿಹುಳ ತಿಂದಿದೆ. ಉಳಿದದ್ದು 'ರೋಸೇಸಿ' ಅಷ್ಟೇ. ಗುಲಾಬಿ ಕುಟುಂಬ.

ಎಸೆಯುವುದಿಲ್ಲ. ಹೆಸರು ಹುಡುಕುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ ಆದರೇನು, ಈ ಕಪಾಟು ಕಾದದ್ದು ಇಪ್ಪತ್ತಾರು ವರ್ಷ.

ಜುಲೈ 4, ಶುಕ್ರವಾರ
ಗಿಡ ಗುರುತಿಸುವ ಪುಸ್ತಕ ಕಬ್ಬಿಣದ ಕಡಲೆ. ಮಗಳು ಕಾವೇರಿ ಫೋನಿನಲ್ಲಿ ಇಂಗ್ಲಿಷ್ ಬಿಡಿಸಿ ಹೇಳಿದಳು. ಕಾಂಡದ ಎಲೆ ಮೂರು ಭಾಗ. ಹೂವಿನ ಕೆಳಗೆ ಹಸಿರು ಮೊನೆ ಹತ್ತು. ಪುಸ್ತಕದ ಪ್ರಕಾರ ಇದು ಪೊಟೆಂಟಿಲ್ಲಾ! ಓಡಿ ಹೋಗಿ ಮೇಡಂಗೆ ಹೇಳಿದೆ.

"ಇರಬಹುದು. ಬ್ಯಾರೇನೂ ಇರಬಹುದು. ಬುಡದ ಎಲಿ ಎಲ್ಲೈತ್ರಿ? ಅದಿಲ್ಲದ ಹೆಂಗ ಹೇಳಾಕ ಬರ್ತೈತಿ?"

ಉತ್ಸಾಹ ಠುಸ್. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು ನನ್ನ ಗತಿ. ಸಂಜೆ ಬಸ್ಸಿಳಿದರೂ ಸಿಟ್ಟು ಇಳಿಯಲಿಲ್ಲ.

ಜುಲೈ 6, ಭಾನುವಾರ
ಸಿರುಗುಪ್ಪಕ್ಕೆ ಹೋಗಿದ್ದೆ. ಆ ಟೂರಿಗೆ ಕರೆದೊಯ್ದ ಮಧುಸೂದನ ಸರ್ ರಿಟೈರ್ ಆಗಿ ಅಲ್ಲೇ ಇದ್ದಾರೆ. ಮೊಬೈಲಿನಲ್ಲಿ ಹಾಳೆಯ ಫೋಟೋ ಹಿಗ್ಗಿಸಿ ನೋಡಿದರು. ಹೆಸರು ನೆನಪಾಗಲಿಲ್ಲ.

"ನೀ ಬುಡಸಮೇತ ಕಿತ್ತಿದ್ದಿ, ನನಗ ಛಲೋ ನೆನಪದ. ಬುಡದ ಎಲಿ ಎಲ್ಲಿ ಹೋತು?"

"ಗೊತ್ತಿಲ್ರಿ ಸರ್."

ಸುಳ್ಳು. ಕೇಳಿದ ಕೂಡಲೇ ಗೊತ್ತಾಗಿತ್ತು. ಹುಳ ಕಡಿದು ಜಾಳಾಗಿದ್ದ ಎಲೆ ಅದು. ಹಾಳೆ ಚಂದ ಕಾಣಲಿ ಎಂದು ಲೇಬಲ್ಲನ್ನು ಅದರ ಮೇಲೆಯೇ ಅಂಟಿಸಿದ್ದೆ. ಗವಿಸಿದ್ದಪ್ಪನ ಕೆಲಸ ಎಂದರೆ ನೀಟು ಎಂದು ಎಲ್ಲರೂ ಹೊಗಳಿದ್ದರು. ನಾಚಿಕೆಯಾಯಿತು.

ಜುಲೈ 11, ಶುಕ್ರವಾರ
ನಾಲ್ಕು ದಿನ ಕಪಾಟಿನ ಹತ್ತಿರ ಸುಳಿಯಲಿಲ್ಲ. ಲೇಬಲ್ ಕಿತ್ತರೆ ಎಲೆಯೂ ಬಂದುಬಿಟ್ಟರೆ? ಇರುವುದು ಅದೊಂದೇ.

ಇವತ್ತು ಕೆಟಲ್ ಇಟ್ಟೆ. ಹಬೆ ಹಿಡಿದು, ಬ್ಲೇಡಿನಿಂದ ಕೂದಲೆಳೆಯಷ್ಟೇ ಎಬ್ಬಿಸುತ್ತ... ನಲವತ್ತು ನಿಮಿಷ. ಅರ್ಧ ಎಲೆ ಲೇಬಲ್ಲಿಗೇ ಅಂಟಿ ಹೋಯಿತು. ಆದರೆ ಉಳಿದರ್ಧ ಸಾಕು — ಕೆಳಗೆ ಪುಟ್ಟ ಪುಟ್ಟ ಕಿರು ಎಲೆಗಳ ಜೋಡಿ, ತುದಿಗೆ ಮಾತ್ರ ದೊಡ್ಡದೊಂದು. ಪುಸ್ತಕ ತೆಗೆದೆ. ಪೊಟೆಂಟಿಲ್ಲಾ ಅಲ್ಲ. ಅದೇ ಕುಟುಂಬದ ಜೀಯಂ.

ಜೀಯಂ ಕಾಯಿಗೆ ಕೊಕ್ಕೆ ಇರುತ್ತದಂತೆ. ಹಾಳೆಯ ಮೂಲೆಯ ಕವರಿನಲ್ಲಿ ಉದುರಿದ ಕಾಯಿ ಇತ್ತು. ಅಂಗಿಯ ತೋಳಿಗೆ ಉಜ್ಜಿದೆ. ಉತ್ತರಾಣಿಯ ಹಾಗೆ ಕಚ್ಚಿಕೊಂಡಿತು. ಲ್ಯಾಬಿನಲ್ಲಿ ಒಬ್ಬನೇ ನಕ್ಕೆ.

ಜುಲೈ 14, ಸೋಮವಾರ
ಮೇಡಂಗೆ ಎಲ್ಲ ಹೇಳಿದೆ. ಮುಚ್ಚಿದ್ದೂ ನಾನೇ, ಅರ್ಧ ಕೆಡಿಸಿದ್ದೂ ನಾನೇ. ಬೈಯುತ್ತಾರೆ ಅಂದುಕೊಂಡಿದ್ದೆ. ಲೆನ್ಸ್ ಹಿಡಿದು ಬಹಳ ಹೊತ್ತು ನೋಡಿದರು.

"ಹೌದು, ಜೀಯಂನ ರೀ. ಸ್ಪೀಶೀಸ್ ಯಾವುದು?"

"ಗೊತ್ತಾಗಿಲ್ರಿ. ಗೊತ್ತಾದಷ್ಟ ಬರೀರಿ."

ಹೊಸ ಲೇಬಲ್ ಬರೆಯತೊಡಗಿದರು. 'ಗುರುತಿಸಿದವರು' ಎಂಬಲ್ಲಿ ಪೆನ್ನು ನಿಂತಿತು.

"ಮಧುಸೂದನ ಸರ್ ಅಂತ ಹಾಕ್ಲೇನ್ರಿ? ಡಿಗ್ರಿ ಇದ್ದೋರ ಹೆಸರಿದ್ರ ಛಲೋ."

"ನಂದ ಹಾಕ್ರಿ. ಮುಂದ ಅಟೆಂಡರ್ ಅಂತ ಬರೀರಿ."

ಮೇಡಂ ಒಮ್ಮೆ ನೋಡಿ, ಬರೆದರು. ಈ ಸಲ ಖಾಲಿ ಮೂಲೆ ನೋಡಿ ಅಂಟಿಸಿದೆ.

"ಉಳಿದ ಹನ್ನೊಂದು? ನಾಳೆನ ಹದಿನೈದು."

"ಅವಕ್ಕೂ ಲೇಬಲ್ ಅಂಟಿಸಿದಾವ ನಾನ ಅದೀನ್ರಿ. ಒಂದ್ ತಿಂಗಳು ಕೊಡ್ರಿ."

ಕೊಟ್ಟರು.

ಜುಲೈ 15, ಬೆಳಿಗ್ಗೆ 10.40
ಎರಡನೇ ಹಾಳೆ. ಲೇಬಲ್ ಮೇಲೆ ಬೆರಳಾಡಿಸಿದೆ. ಅಡಿಯಲ್ಲಿ ಏನೋ ಉಬ್ಬು. ಕೆಟಲ್ ಕುದಿಯುತ್ತಿದೆ, ಉಳಿದದ್ದು ಆಮೇಲೆ —