ಎಡತುದಿಯ ಸ್ವಿಚ್ಚು

ಮಳವಳ್ಳಿ
೨೩ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಜ್ಮತ್‌ಗೆ,

ಚಲುವರಾಜುವಿನ ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ. ಹಾಸನದ ಚಳಿ ನಿನಗೆ ಒಗ್ಗಿದೆಯೆಂದೂ, ಸುಲ್ತಾನ್ ಭಾಭಿ, ಮಾಹೀನ್ ಮತ್ತು ಮಕ್ಕಳು ಕ್ಷೇಮವಾಗಿದ್ದಾರೆಂದೂ ನಂಬಿದ್ದೇನೆ. ನಿನ್ನ ಉತ್ತರ ಕೈಸೇರಿ ತಿಂಗಳ ಮೇಲಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಯಂತ್ರಗಳ ವಾರ್ಷಿಕ ನಿರ್ವಹಣೆ ನಡೆದಿತ್ತು, ರಜೆ ಸಿಗಲಿಲ್ಲ ಎಂದು ಬರೆಯಬಹುದು. ಅದು ಸುಳ್ಳೂ ಅಲ್ಲ. ಆದರೆ ಒಂದು ಕಾಗದ ಬರೆಯಲಾರದಷ್ಟು ಕೆಲಸವೇನೂ ಇರಲಿಲ್ಲ.

ಫೋನ್ ಮಾಡಲು ಎಷ್ಟೋ ಸಲ ಕೈಗೆತ್ತಿಕೊಂಡೆ. ಮಾಹೀನ್ ಬೇಡ ಎಂದಳು. "ಮಾತು ಸಿಗ್ದೇ ಇದ್ರೆ ಅಬ್ಬಾಗೆ ಸಿಟ್ಟು ಬರುತ್ತೆ ರಾಜು ಚಾಚಾ, ಫೋನ್ ಎಸೆದುಬಿಡ್ತಾರೆ. ಕಾಗದ ಬರೀರಿ. ಅದನ್ನಾದ್ರೆ ದಿಂಬಿನ ಕೆಳಗೆ ಇಟ್ಕೊಂಡು ಮತ್ತೆ ಮತ್ತೆ ಓದ್ತಾರೆ" ಎಂದಳು. ಹಾಗಾಗಿ ಈ ಕಾಗದ.

ಮೊದಲು ನಮ್ಮ ಜೀಪಿನ ಸುದ್ದಿ. ನಿನಗೆ ಪಾರ್ಶ್ವವಾಯು ಬಡಿದಾಗಿನಿಂದ ಅದು ಮದ್ದೂರಿನ ನಿನ್ನ ಗ್ಯಾರೇಜಿನಲ್ಲೇ ಟಾರ್ಪಾಲಿನ ಕೆಳಗಿತ್ತು. ನಿನ್ನ ತಮ್ಮ ಬಾಬು ಜಾನ್ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ. ಟೈರಿನ ಗಾಳಿ ಕೂಡ ಇಳಿದಿರಲಿಲ್ಲ. ಗ್ಯಾರೇಜನ್ನು ಚೆನ್ನಾಗಿಯೇ ನಡೆಸುತ್ತಿದ್ದಾನೆ. ನಿನ್ನ ಸ್ಟೂಲಿನ ಮೇಲೆ ಮಾತ್ರ ಯಾರನ್ನೂ ಕೂರಲು ಬಿಡುವುದಿಲ್ಲ.

ಮುಂದಿನ ತಿಂಗಳು ಪೂರಿಗಾಲಿ ಕಡೆಯ ಕೆರೆಯಂಗಳದಲ್ಲಿ ಕೆಸರು, ಏರಿ ಹತ್ತಿಸುವ ಆಟಕ್ಕೆ ಜೀಪಿನವರೆಲ್ಲ ಮತ್ತೆ ಸೇರುತ್ತಾರಂತೆ. ನಮ್ಮ ಮಂಗಳಮ್ಮನ ಅಣ್ಣನ ಮಗ ಸ್ವರೂಪ್, ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನಲ್ಲ, ಅವನಿಗೆ ಈ ಸಲ ನಮ್ಮ ಜೀಪು ಓಡಿಸುವ ಆಸೆ. ನಾನು ಒಂದೇ ಷರತ್ತು ಹಾಕಿದೆ. ಎರಡು ಚಕ್ರವನ್ನೂ ಬೆಸೆದು ಒಟ್ಟಿಗೆ ತಿರುಗಿಸುವ ಲಾಕರನ್ನು ಮುಂದಿನ ಆಕ್ಸಲ್‌ಗೂ ಹಾಕಿಸದೆ ಗಾಡಿ ಹೊರಗೆ ಬರಬಾರದು ಎಂದೆ.

ಏಕೆಂದು ನಿನಗೆ ಹೇಳಬೇಕಿಲ್ಲ. ಹೋದ ವರ್ಷ ಅದೇ ಕೆರೆಯಂಗಳದಲ್ಲಿ ಕೊನೆಯ ಏರಿಯಲ್ಲಿ ನಾವು ನಿಂತುಹೋಗಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಎಡ ಮುಂದಿನ ಚಕ್ರ ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿತ್ತು, ನೆಲದ ಮೇಲಿದ್ದ ಬಲಚಕ್ರ ಅಲ್ಲಾಡಲಿಲ್ಲ. ಹಿಂದಿನ ಲಾಕರ್ ಒಂದೇ ಏನು ಮಾಡೀತು? "ಇನ್ನೊಂದು ಮಾರು ಇತ್ತು ಕಣ್ಲಾ ರಾಜು, ಒಂದೇ ಮಾರು" ಎಂದು ನೀನು ದಾರಿಯುದ್ದಕ್ಕೂ ಹೇಳಿದೆ. ಮಳೆಗಾಲ ಮುಗಿಯಲಿ, ಹಾಕಿಸೋಣ ಎಂದು ನಾನೆಂದೆ. ವರ್ಷಗಟ್ಟಲೆ ನಾವು ಇದನ್ನೇ ಹೇಳಿಕೊಂಡು ಬಂದಿದ್ದೆವು. ಪ್ರತಿ ಸಲ ಟೀ ಕುಡಿಯುವಾಗ ಆಟೋಮ್ಯಾಟಿಕ್ಕೋ ಗಾಳಿಯದೋ, ಯಾವ ಲಾಕರ್ ಎಂಬ ಜಗಳ, ಲೋಟ ಖಾಲಿಯಾದ ಮೇಲೆ ಆ ಮಾತೂ ಮುಗಿಯುತ್ತಿತ್ತು. ಆ ಸಲ ಮಳೆಗಾಲ ಶುರುವಾಗುವ ಮೊದಲೇ ನೀನು ಆಸ್ಪತ್ರೆಯಲ್ಲಿದ್ದೆ.

ಡಿಸೆಂಬರಿನ ಕಾಗದದಲ್ಲಿ ಯಾವುದು ಹಾಕಿಸಲಿ ಎಂದು ಕೇಳಿದ್ದೆ. ನೀನು ಎಡಗೈಯಲ್ಲಿ ಬರೆದು ಕಳಿಸಿದ ಉತ್ತರವನ್ನು ಬಾಬು ಜಾನ್‌ಗೆ ತೋರಿಸಿದೆ. ಅದರಲ್ಲಿದ್ದದ್ದು ಎರಡೇ ಮಾತು: "ಆಟೋಮ್ಯಾಟಿಕ್ ಹಾಕ್ಸು. ಒಬ್ಬನೇ ಓಡಿಸಬಹುದು." ಅವನು ಅದನ್ನು ತಿರುಗಿಸಿ ಹಿಂದೆಯೂ ನೋಡಿದ.

"ಇದು ಅಣ್ಣ ಬರ್ದಿದ್ದಾ?"

"ಇನ್ಯಾರು ಬರೀತಾರೆ?"

"ಅಣ್ಣ ಆಟೋಮ್ಯಾಟಿಕ್ ಅಂದ್ನಾ? ಮುಂದ್ಗಡೆಗಾ?" ಎಂದವನೇ ಸ್ಪ್ಯಾನರ್ ಎತ್ತಿಕೊಂಡು ಬೇರೆ ಗಾಡಿಯ ಕೆಳಗೆ ನುಗ್ಗಿಬಿಟ್ಟ.

ಸ್ವರೂಪ್‌ಗೆ ಮಾತ್ರ ಖುಷಿಯೋ ಖುಷಿ. "ನೋಡು ಮಾವ, ಅಜ್ಮತ್ ಮಾಮನೇ ಹೇಳವ್ರೆ. ಆಟೋಮ್ಯಾಟಿಕ್‌ಗೆ ವೈರಿಲ್ಲ, ಪೈಪಿಲ್ಲ, ಸ್ವಿಚ್ಚಿಲ್ಲ. ಆಕ್ಸಿಲೇಟರ್ ಒತ್ತುದ್ರೆ ತಾನೇ ಲಾಕ್ ಆಯ್ತದೆ. ಗಾಳಿ ಲಾಕರ್‌ಗೆ ಕಂಪ್ರೆಸರ್ ಬೇಕು, ಪೈಪ್ ಎಳೀಬೇಕು. ಕಾಡಲ್ಲಿ ಪೈಪ್ ಕಿತ್ತೋದ್ರೆ ಬಾಯಲ್ಲಿ ಊದ್ತೀಯಾ?"

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಬೆಲೆಯೂ ಆಟೋಮ್ಯಾಟಿಕ್‌ನದೇ ಕಡಿಮೆ. ಆದರೂ ಪರೀಕ್ಷೆ ಮಾಡದೆ ತೀರ್ಮಾನಿಸಬಾರದು ಎಂದು ಮಳವಳ್ಳಿಯ ಚಿಕ್ಕಬೋರಯ್ಯನ ಜೀಪನ್ನು ಒಂದು ಮಧ್ಯಾಹ್ನ ಕೇಳಿ ಪಡೆದೆ. ಅವನದಕ್ಕೆ ಮುಂದೆಯೂ ಆಟೋಮ್ಯಾಟಿಕ್ಕೇ ಇದೆ. ನಮ್ಮದರಂತೆ ಪವರ್ ಸ್ಟೇರಿಂಗ್ ಇಲ್ಲದ ಹಳೇ ಗಾಡಿ. ನೇರ ದಾರಿಯಲ್ಲಿ ಕೆಸರೋ ಕಲ್ಲೋ ಏನನ್ನೂ ಲೆಕ್ಕಿಸದೆ ಹೋಯಿತು. ತಿರುವಿನಲ್ಲಿ ಆಕ್ಸಿಲೇಟರ್ ಒತ್ತಿದರೆ ಮಾತ್ರ ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗಲು ಹಟ ಮಾಡುತ್ತದೆ, ಸ್ಟೇರಿಂಗ್ ತಾನೇ ನೆಟ್ಟಗಾಗಲು ಎಳೆಯುತ್ತದೆ. ಸಂಜೆಗೆ ನನ್ನ ಮಣಿಕಟ್ಟು ಊದಿಕೊಂಡಿತು. ಮಂಗಳಮ್ಮ ಎಣ್ಣೆ ತಿಕ್ಕುತ್ತಾ, "ರಿಟೈರ್ ಆಗೋ ವಯಸ್ನಲ್ಲಿ ನಿಮ್ಗೆ ಯಾಕೆ ಬೇಕು ಈ ಕಸರತ್ತು? ಇದ್ದ ಒಬ್ರು ಜೊತೆಗಾರ್ರು ಅಲ್ಲಿ ಮಲ್ಗವ್ರೆ. ನೀವೂ ಒಂದು ಕೈ ಮುರ್ಕೊಂಡು ಕೂತ್ಕೊಳಿ, ಇಬ್ರಿಗೂ ಸೇರಿ ಲೆಕ್ಕ ಸರಿಹೋಯ್ತದೆ" ಎಂದಳು. ಹೇಳಿದ ಮೇಲೆ ಅವಳೇ ಕಣ್ಣೊರೆಸಿಕೊಂಡಳು.

ಗಾಳಿ ಲಾಕರ್ ಹಾಗಲ್ಲ. ಬೇಕಾದಾಗ ಸ್ವಿಚ್ಚು ಒತ್ತಿದರೆ ಎರಡು ಚಕ್ರ ಬೆಸೆದುಕೊಳ್ಳುತ್ತವೆ. ಬಿಟ್ಟರೆ ಸ್ಟೇರಿಂಗ್ ಮತ್ತೆ ಹಗುರ. ಅದನ್ನು ಯಾವ ಕ್ಷಣಕ್ಕೆ ಒತ್ತಬೇಕು, ಯಾವಾಗ ಬಿಡಬೇಕು ಎಂದು ನೋಡಲು ಒಬ್ಬ ಬೇಕು, ಅಷ್ಟೆ. ನಮ್ಮಲ್ಲಿ ಆ ಒಬ್ಬನಿಗೆ ಯಾವಾಗ ಕೊರತೆ ಇತ್ತು? ನೀನು ಬಲಕ್ಕೆ, ನಾನು ಎಡಕ್ಕೆ. ಕೆಸರಿಗೆ ಇಳಿದ ಮೇಲೆ ನೀನು ಸ್ಟೇರಿಂಗಿನಿಂದ ಕೈ ತೆಗೆಯುತ್ತಿರಲಿಲ್ಲ. ತಲೆ ಹೊರಗೆ ಹಾಕಿ ಯಾವ ಚಕ್ರ ಎದ್ದಿದೆ ಎಂದು ಕೂಗುವುದು, ಲೋ ಗೇರಿನ ಲಿವರ್ ಎಳೆಯುವುದು ನನ್ನ ಕೆಲಸ. "ಮದ್ದೂರ್ ಜೀಪ್‌ಗೆ ಇಬ್ರು ಡ್ರೈವರ್ ಕಣ್ರಲಾ. ಒಬ್ಬನ್ಗೆ ಕೈ, ಇನ್ನೊಬ್ಬನ್ಗೆ ಬಾಯಿ" ಎಂದು ಚಿಕ್ಕಬೋರಯ್ಯ ಎಲ್ಲರೆದುರು ಆಡಿಕೊಳ್ಳುತ್ತಿದ್ದನಲ್ಲ.

ಹಾಗಾಗಿ ನಿನ್ನ ಮಾತು ಮೀರಿ ಗಾಳಿ ಲಾಕರನ್ನೇ ತರಿಸಿದೆ. ಮುಂದಿನ ಆಕ್ಸಲ್ ಬಿಚ್ಚಿ ಕೂರಿಸುವ ಕೆಲಸವನ್ನು ಬಾಬು ಜಾನ್ ಬೇರೆ ಯಾರ ಕೈಗೂ ಕೊಡಲಿಲ್ಲ. ಪೈಪನ್ನು ಕಲ್ಲು ತಾಗದ ಹಾಗೆ ಚಾಸಿಯ ಒಳಬದಿಯಲ್ಲಿ ಎಳೆದಿದ್ದಾನೆ. ಸ್ವಿಚ್ಚಿಗೆ ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆಯುವಾಗ ಮಾತ್ರ ಸ್ವಲ್ಪ ವಾದವಾಯಿತು. ನಾನು ಎಡಸೀಟಿನ ಎದುರು, ತೀರಾ ಎಡತುದಿಯನ್ನು ತೋರಿಸಿದೆ.

"ಅಷ್ಟು ಎಡಕ್ಕಾ? ಡ್ರೈವರ್‌ಗೆ ಎಟುಕೋದೇ ಇಲ್ವಲ್ಲ ಮಾವ" ಎಂದ ಸ್ವರೂಪ್.

"ಡ್ರೈವರ್ ಒತ್ತೋದು ಬೇಡ."

"ನಿಮ್ಗೂ ಆಗಲ್ಲ ರಾಜಣ್ಣ" ಎಂದ ಬಾಬು ಜಾನ್. "ನೀವು ಎಡಗೈಲಿ ಮೇಲಿನ ಕಂಬಿ ಹಿಡ್ಕೊಂಡು ಹೊರಕ್ಕೆ ಬಗ್ತೀರ. ಬಲಗೈಗೆ ಇದು ದೂರ. ನಡುವೆ ಮಡಗ್ತೀನಿ ತಕ್ಕಳಿ."

"ಅಲ್ಲೇ ಮಡಗು" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಅಲ್ಲೇ ಕೊರೆದ.

ಹೋದ ಭಾನುವಾರ ಕೆರೆಯಂಗಳಕ್ಕೆ ಒಯ್ದೆವು. ಅದೇ ಏರಿ. ಸ್ವರೂಪ್ ಓಡಿಸಿದ, ನಾನು ಎಡಕ್ಕೆ ಕೂತೆ. ಅದೇ ಜಾಗಕ್ಕೆ ಬಂದಾಗ ಎಡ ಮುಂದಿನ ಚಕ್ರ ಎದ್ದಿತು. ಕಂಬಿ ಬಿಟ್ಟು ಸ್ವಿಚ್ಚು ಒತ್ತಿದೆ. ಕೆಳಗೆ ಟಕ್ ಎಂದಿತು. ನಿಂತಿದ್ದ ಬಲಚಕ್ರ ನೆಲ ಕಚ್ಚಿತು, ಜೀಪು ಒಮ್ಮೆ ನಡುಗಿ ಮೇಲೆ ಹತ್ತಿಬಿಟ್ಟಿತು. ಇಷ್ಟು ವರ್ಷ ನಾವು ಜಗಳವಾಡಿದ್ದು ಇಷ್ಟಕ್ಕೇನಾ ಎನ್ನುವಷ್ಟು ಸಲೀಸಾಗಿ ಹತ್ತಿತು. "ನೋಡ್ದಾ!" ಎನ್ನುತ್ತಾ ಬಲಕ್ಕೆ ತಿರುಗಿದೆ. ಸ್ವರೂಪ್ ನಗುತ್ತಿದ್ದ. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ನಾನು ಇಳಿದು ಟೈರು ನೋಡುವವನಂತೆ ಜೀಪಿನ ಆ ಕಡೆಗೆ ಹೋಗಿ ನಿಂತೆ. ಆ ಏರಿಯನ್ನು ನೀನು ಹತ್ತಿಸಬೇಕಿತ್ತು. ಹಾಕಿಸುವುದಾಗಿದ್ದರೆ ಯಾವ ವರ್ಷದಲ್ಲಾದರೂ ಹಾಕಿಸಬಹುದಿತ್ತು.

ಇರಲಿ. ಮಾತ್ರೆಗಳನ್ನು ತಪ್ಪಿಸಬೇಡ. ವ್ಯಾಯಾಮ ಮಾಡಿಸುವವರ ಮೇಲೆ ರೇಗಬೇಡ, ಮಾಹೀನ್ ದೂರು ಹೇಳಿದಳು. ಸುಲ್ತಾನ್ ಭಾಭಿಗೆ ಮಂಗಳಮ್ಮ ಹುರುಳಿಕಾಳು, ಹೊಸ ಬೆಲ್ಲ ಕಟ್ಟಿಟ್ಟಿದ್ದಾಳೆ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಅಲ್ಲಾ, ನಮ್ಮ ಮನೆದೇವರು ಇಬ್ಬರೂ ನಿನ್ನನ್ನು ಬೇಗ ಎಬ್ಬಿಸಿ ನಡೆಸಲಿ.

ನಿನ್ನ,
ಚಲುವರಾಜು

ತಾ.ಕ.: ತಡವಾಗಿದ್ದೇಕೆಂದು ಬರೆಯದೆ ಲಕೋಟೆ ಅಂಟಿಸಲು ಮನಸ್ಸಾಗುತ್ತಿಲ್ಲ. "ಈ ಸ್ಟೇರಿಂಗ್ ನನ್ನ ಕೈಲಿರೋವರ್ಗೂ ಮುಂದ್ಗಡೆ ಆಟೋಮ್ಯಾಟಿಕ್ ಹಾಕಕ್ಕೆ ಬುಡಲ್ಲ ಕಣ್ಲಾ" ಎಂದು ಟೀ ಅಂಗಡಿಯಲ್ಲಿ ಮೇಜು ಗುದ್ದಿ ಹೇಳಿದವನು ನೀನು. ಅಂಥವನು ಆಟೋಮ್ಯಾಟಿಕ್ ಹಾಕ್ಸು, ಒಬ್ಬನೇ ಓಡಿಸಬಹುದು ಎಂದು ಬರೆದರೆ ನನಗೆ ತಿಳಿಯುವುದಿಲ್ಲವೇ? ನಾನಿನ್ನು ಬರುವುದಿಲ್ಲ, ನನಗಾಗಿ ಕಾಯಬೇಡ ಎಂದೇ ನೀನು ಬರೆದಿದ್ದು. ಅದಕ್ಕೆ ಏನೆಂದು ಉತ್ತರ ಬರೆಯಲಿ? ಬಲಗೈ ಮೊದಲಿನಂತೆ ಆಗುವುದಿಲ್ಲ, ಮಾತು ಕೂಡ ಕಷ್ಟವೇ ಎಂದು ಡಾಕ್ಟರು ಹೇಳಿದ್ದನ್ನು ಮಾಹೀನ್ ನನಗೂ ಹೇಳಿದ್ದಾಳೆ. ಸ್ಟೇರಿಂಗನ್ನು ನಿನಗೆ ತಿರುಗಿ ಕೊಡಿಸಲು ನನ್ನಿಂದ ಆಗುವುದಿಲ್ಲ ಅಜ್ಮತ್. ನನ್ನ ಸೀಟು ಮಾತ್ರ ಕೊಡಬಲ್ಲೆ. ನಾನು ಹಿಂದೆ ನಿಂತು ಚಕ್ರ ನೋಡಿ ಕೂಗುತ್ತೇನೆ. ಆ ಸ್ವಿಚ್ಚು ನಿನ್ನ ಎಡಗೈಗೆ ಸರಿಯಾಗಿ ಎಟುಕುತ್ತದೆ, ಬಾಬು ಜಾನ್‌ನನ್ನು ಕೂರಿಸಿ ಅಳತೆ ನೋಡಿದ್ದೇನೆ. ನೀನು ಏನೂ ಮಾತಾಡಬೇಕಾಗಿಲ್ಲ. ಒತ್ತಿದರೆ ಸಾಕು. ಬರುವ ಭಾನುವಾರ ಹಾಸನಕ್ಕೆ ಬರುತ್ತೇನೆ. ಬರಲ್ಲ ಅನ್ನುವುದಾದರೆ ಅದನ್ನು ಚೀಟಿಯಲ್ಲಿ ಬರೆಯಬೇಡ, ನನ್ನ ಮುಖ ನೋಡಿಕೊಂಡು ತಲೆ ಅಲ್ಲಾಡಿಸು.