ಅಮ್ಮ ಬರೆಯುತ್ತಿರುವ ಶುದ್ಧಪ್ರತಿ

ಅಪ್ಪಾ,

ನೀವು ಹೋದ ಮೇಲೆ, ವಾರಪತ್ರಿಕೆಗೆ ನಾನು ಬರೆಯುವ ಕಾದಂಬರಿಯ ಶುದ್ಧಪ್ರತಿಯನ್ನು ನಿಮ್ಮ ಬದಲು ಅಮ್ಮನೇ ಮಾಡಿಕೊಡುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಹನ್ನೊಂದನೆಯ ಅಧ್ಯಾಯದ ನಡುವೆ ಪೆನ್ನು ನಿಲ್ಲಿಸಿದಳು.

"ಈ ಹೆಂಗಸು ಕೊನೆಗೆ ಸಾಯ್ತಾಳೆ, ಅಲ್ವಾ?"

"ಹೌದಮ್ಮ. ಮೊದಲ ದಿನವೇ ಹಾಗಂತ ಯೋಚಿಸಿಟ್ಟಿದ್ದೆ."

"ಎಡಗೈ ಜೋಮು ಹಿಡಿಯೋದನ್ನ ಸರಿಯಾಗಿ ಬರೆದಿದ್ದೀಯ. ಹಾಗೇ ಆಗುತ್ತೆ. ನಿನಗೆ ಹೇಗೆ ಗೊತ್ತಾಯ್ತು?"

ನನಗೆ ಗೊತ್ತಿರಲಿಲ್ಲ, ಸುಮ್ಮನೆ ಕಲ್ಪಿಸಿ ಬರೆದಿದ್ದೆ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

"ಒಂದೆರಡು ತಿಂಗಳಾಯ್ತು, ಬಿಡು."

ಹಿಂದಿನ ಕಾದಂಬರಿಯಲ್ಲಿ ಎದೆನೋವನ್ನು ಮನೆಯವರಿಂದ ಮುಚ್ಚಿಟ್ಟ ಗುಮಾಸ್ತನೊಬ್ಬನಿದ್ದ. "ಇವನು ಬದುಕಿಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ನೀವು ಕೇಳಿದ್ದಿರಿ. ಕತೆ ಕೆಡುತ್ತೆ ಅಪ್ಪ ಎಂದು ನಾನು ನಕ್ಕಿದ್ದೆ. ಒಂದಕ್ಷರವೂ ತಪ್ಪದಂತೆ ಅವನ ಸಾವನ್ನು ಬರೆದುಕೊಟ್ಟಿರಿ. ಅದು ಅಚ್ಚಾಗುವ ಮೊದಲೇ ನೀವೂ ಎದೆನೋವಿನಿಂದಲೇ ಹೋದಿರಿ. ಯಾಕೆ ಕೇಳಿದಿರಿ ಎಂದು ನಾನು ಕೇಳಲೇ ಇಲ್ಲ.

ಈಗ ಸಂಪಾದಕರಿಗೆ ಫೋನ್ ಮಾಡಿ, ಈ ಕಾದಂಬರಿಯ ಹೆಂಗಸನ್ನು ಸಾಯಿಸುವುದಿಲ್ಲ ಎಂದೆ. ಅವರು ಒಪ್ಪಿದರು. ಡಾಕ್ಟರ ಹತ್ತಿರ ಹೊರಡೋಣ ಎಂದು ಅಮ್ಮನನ್ನು ಕರೆದೆ.

"ತಡಿ, ಈ ಪುಟ ಮುಗಿಸಿಬಿಡ್ತೀನಿ" ಎಂದಳು. ಹಾಳೆ ಹಾರದಿರಲೆಂದು, ಬಲಗೈಯಿಂದ ಎಡಗೈಯನ್ನು ಎತ್ತಿ ಅದರ ಮೇಲೆ ಇಟ್ಟುಕೊಂಡಳು.