ಮಗನ ಹೆಸರಿಗೆ ಸೇತುವೆ, ತಾಯಿಯ ಕುರ್ಚಿಗೆ ನಿಷೇಧ

ಮಾನ್ಯ ಮೇಯರ್ ಅವರೇ,

ಕಳೆದ ತಿಂಗಳ ಎರಡನೆಯ ಸೋಮವಾರ ನೀವು ಒಂದೇ ಸಭೆಯಲ್ಲಿ ಎರಡು ನಿರ್ಣಯ ಅಂಗೀಕರಿಸಿದಿರಿ. ಪುರಭವನದ ಮುಂದಿನ ಹುಲ್ಲುಹಾಸಿನ ಮೇಲೆ ಇನ್ನು ಯಾರೂ ಕುರ್ಚಿಯನ್ನಾಗಲಿ ಫಲಕವನ್ನಾಗಲಿ ಇಡಕೂಡದು ಎಂಬುದು ಮೊದಲನೆಯದು. ಹಳ್ಳದ ಮೇಲಿನ ಹೊಸ ಸೇತುವೆಗೆ, ಇರಾಕಿನಲ್ಲಿ ಮಡಿದ ನಮ್ಮೂರ ಕಾರ್ಪೊರಲ್ ರಸೆಲ್ ವೋಯ್ಟ್‌ನ ಹೆಸರಿಡಬೇಕು ಎಂಬುದು ಎರಡನೆಯದು. ಇಡೀ ಹಾರ್ಲನ್ ಫೋರ್ಕ್ ಊರಿನಲ್ಲಿ ಆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂರುವವಳು ಒಬ್ಬಳೇ. ಅವಳು ಆರ್ಲೀನ್ ವೋಯ್ಟ್, ರಸೆಲ್‌ನ ತಾಯಿ. ತಾಯಿಯನ್ನು ಎಬ್ಬಿಸಿ ಮಗನನ್ನು ಕೊಂಡಾಡಲು ನಿಮಗೆ ಹನ್ನೊಂದು ನಿಮಿಷ ಸಾಕಾಯಿತು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು.

ಆರ್ಲೀನ್ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಅವಳು ಎದ್ದು ನಿಂತು, "ನಾನೊಂದ್ ಮಾತು ಹೇಳ್ಬೋದಾ?" ಎಂದು ಕೇಳಿದಳು. "ಸಾರ್ವಜನಿಕರ ಮಾತಿಗೆ ನಿಗದಿಯಾದ ಸಮಯ ಮುಗಿದಿದೆ, ಮೇಡಂ," ಎಂದಿರಿ ನೀವು. ಎಷ್ಟು ಸಭ್ಯವಾಗಿ ಹೇಳಿದಿರಿ! ಆ ಮೇಲೆ ರಸೆಲ್‌ನ ಗೌರವಾರ್ಥ ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರಿದಿರಿ. ಅವಳು ಆಗಲೇ ನಿಂತಿದ್ದಳು.

ನಾನು ಈ ಊರಿನ ಶಾಲಾ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವನು. ಅದಕ್ಕೂ ಮೊದಲು ವಿಯೆಟ್ನಾಮಿನಲ್ಲಿ ಹದಿಮೂರು ತಿಂಗಳು ಇದ್ದೆ. ರಸೆಲ್ ಆರನೆಯ ವಯಸ್ಸಿನಿಂದ ನನ್ನ ಬಸ್ಸಿನಲ್ಲಿ ಬಂದ. ಕಿಟಕಿಯ ಮಂಜಿನ ಮೇಲೆ ಬೆರಳಲ್ಲಿ ಟ್ರ್ಯಾಕ್ಟರ್ ಬರೆಯುತ್ತಿದ್ದ. ಅವನ ತಾಯಿ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದಳು, ಈಗಲೂ ಬಡಿಸುತ್ತಾಳೆ. ನಿಮ್ಮ ಇಬ್ಬರು ಮಕ್ಕಳೂ ಅವಳ ಕೈಯ ಊಟ ಉಂಡವರೇ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ, ರಸ್ತೆಬದಿಯ ಬಾಂಬು ಸಿಡಿದು ರಸೆಲ್ ಸತ್ತ. ಇಪ್ಪತ್ತೊಂದು ವರ್ಷ. ಅದಕ್ಕೆ ಮೂರು ವಾರ ಮೊದಲು ಅವನು ಫೋನಿನಲ್ಲಿ ನಗುತ್ತಾ ಹೇಳಿದ್ದನಂತೆ, "ಅಮ್ಮಾ, ನಮ್ ಗಾಡಿ ಬಾಗಿಲಿಗೆ ಗುಜರಿ ತಗಡು ಕಟ್ಕೊಂಡಿದೀವಿ. ನೋಡಿದ್ರೆ ಅಜ್ಜನ ಕೋಳಿಗೂಡು ನೆನಪಾಗುತ್ತೆ." ಸೈನ್ಯ ಸರಿಯಾದ ಕವಚ ಕೊಡದೆ ಹುಡುಗರೇ ಕಟ್ಟಿಕೊಂಡ ಆ ತಗಡಿನ ಬಗ್ಗೆ ಆರ್ಲೀನ್ ರಾಜಧಾನಿಯ ಮೂರು ಕಚೇರಿಗಳಿಗೆ ಪತ್ರ ಬರೆದಳು. ಮೂರರಿಂದಲೂ ಒಂದೇ ಒಕ್ಕಣೆಯ ಉತ್ತರ ಬಂತು. ಒಂದರಲ್ಲಿ ಅವಳ ಮಗನ ಹೆಸರು ರೊನಾಲ್ಡ್ ಎಂದಿತ್ತು.

ಶವಪೆಟ್ಟಿಗೆ ಬಂದ ದಿನ ನಾವೆಲ್ಲ ರಸ್ತೆಯ ಎರಡೂ ಬದಿಗೆ ಬಾವುಟ ಹಿಡಿದು ನಿಂತೆವು. ಅವಳ ಮನೆಗೆ ಅಡುಗೆ ತುಂಬಿದ ಪಾತ್ರೆಗಳ ಮೇಲೆ ಪಾತ್ರೆ ಹೋದವು. ನಮ್ಮ ದುಃಖದಲ್ಲಿ ಕಪಟವಿರಲಿಲ್ಲ, ಅದನ್ನು ನಾನು ಇಂದಿಗೂ ಹೇಳುತ್ತೇನೆ. ಆದರೆ ಮರುವರ್ಷದ ಆಗಸ್ಟಿನಲ್ಲಿ ಅವಳು ಒಂದು ಮಡಚುವ ಕುರ್ಚಿ ತಂದು ಪುರಭವನದ ಮುಂದೆ ಹಾಕಿ, ಪಕ್ಕದಲ್ಲಿ ಫಲಕ ನಿಲ್ಲಿಸಿದಳು: "ರಸೆಲ್ ನನ್ನ ಮಗ. ಉಳಿದವರ ಮಕ್ಕಳನ್ನು ಮನೆಗೆ ಕರೆಸಿ." ಶನಿವಾರ ಒಂಬತ್ತರಿಂದ ಹನ್ನೆರಡರವರೆಗೆ, ಅಷ್ಟೇ. ಕೂಗಲಿಲ್ಲ, ಯಾರನ್ನೂ ತಡೆಯಲಿಲ್ಲ. ಅಂದಿನಿಂದ ಊರು ಅವಳ ಮನೆಯ ದಾರಿ ಮರೆತುಬಿಟ್ಟಿತು. ತಮ್ಮ ಪಾತ್ರೆ ವಾಪಸು ತರಲು ಕೂಡ ಕೆಲವರು ಹೋಗಲಿಲ್ಲ. ತಾಯಿಯ ದುಃಖ ಬಾಯಿ ಮುಚ್ಚಿಕೊಂಡಿರುವ ತನಕ ಮಾತ್ರ ಪವಿತ್ರವೇ, ಮಾನ್ಯರೇ? ಕಣ್ಣೀರಿಗೆ ಪರವಾನಗಿ ಇದೆ, ಅದಕ್ಕೆ ಕಾರಣ ಕೇಳುವುದಕ್ಕೆ ಇಲ್ಲವೇ?

ಅವಳನ್ನು ವಿರೋಧಿಸಿದವರೆಲ್ಲ ಕಲ್ಲೆದೆಯವರು ಎಂದು ನಾನು ಹೇಳಲಾರೆ. ಅವರಲ್ಲಿ ಮೊದಲನೆಯವನು ಗ್ಲೆನ್ ವೋಯ್ಟ್, ರಸೆಲ್‌ನ ತಂದೆ. ಜಲ್ಲಿ ಕ್ವಾರಿಯಲ್ಲಿ ಕೆಲಸ. ಆರ್ಲೀನ್‌ಗೂ ಅವನಿಗೂ ವಿಚ್ಛೇದನವಾಗಿ ಒಂಬತ್ತು ವರ್ಷವಾಯಿತು. ಊರಿನ ಹೋಟೆಲಿನಲ್ಲಿ ಕಾಫಿಯ ಮುಂದೆ ಕೂತು ಅವನು ಹೇಳಿದ್ದು ನನ್ನ ಕಿವಿಯಲ್ಲಿದೆ: "ಹುಡುಗ ತಾನಾಗೇ ಸಹಿ ಹಾಕಿ ಹೋದ. ಯಾರೂ ಕತ್ತು ಹಿಡಿದು ದಬ್ಬಲಿಲ್ಲ. ಅವನು ಸತ್ತಿದ್ದು ದಂಡ ಅಂತ ಇವಳು ವಾರವಾರ ಊರಿಗೆಲ್ಲ ಸಾರಿದ್ರೆ, ನಂಗೆ ಏನ್ ಉಳೀತು ಹೇಳು?" ಆ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.

ಇನ್ನು ನನ್ನ ಸಂಗತಿ. ನನ್ನ ಮಗಳು ಜೀನೆಟ್ ಸೈನ್ಯದ ನರ್ಸ್. ಕಳೆದ ವರ್ಷದಿಂದ ಬಾಗ್ದಾದಿನ ಆಸ್ಪತ್ರೆಯಲ್ಲಿದ್ದಾಳೆ. ಕಳೆದ ಫೆಬ್ರವರಿಯ ಒಂದು ಶನಿವಾರ ನಾನು ನೆಟ್ಟಗೆ ಆರ್ಲೀನ್‌ಳ ಕುರ್ಚಿಯ ಮುಂದೆ ಹೋಗಿ ನಿಂತೆ. ಮಾಜಿ ಸೈನಿಕರ ಸಂಘದ ಟೋಪಿ ತಲೆಯ ಮೇಲಿತ್ತು.

"ನಾಚಿಕೆ ಆಗ್ಬೇಕು ನಿಂಗೆ," ಎಂದೆ. "ನನ್ ಮಗಳು ಅಲ್ಲಿ ಹಗಲೂ ರಾತ್ರಿ ಗಾಯ ಹೊಲೀತಿದಾಳೆ. ನೀನು ಇಲ್ಲಿ ಕೂತು ಅವಳ ಬೆನ್ನಿಗೆ ಚೂರಿ ಹಾಕ್ತಿದೀಯ."

ಅವಳು ಕೋಪಿಸಿಕೊಳ್ಳಲಿಲ್ಲ. ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಜೀನೆಟ್ ಅಲ್ವಾ? ಬಟಾಣಿ ಕಂಡ್ರೆ ಆಗ್ತಿರ್ಲಿಲ್ಲ ಅವಳಿಗೆ. ತಟ್ಟೆ ಅಂಚಿಗೆಲ್ಲ ಸಾಲಾಗಿ ಜೋಡಿಸಿ ಇಡೋಳು. ವಾಪಸ್ ಯಾವಾಗ ಬರ್ತಾಳೆ, ವೆಂಡೆಲ್?"

"ಮಾರ್ಚಿಗೆ ಬರ್ಬೇಕಿತ್ತು," ಎಂದೆ. ಮಗಳ ಸೇವೆಯ ಅವಧಿಯನ್ನು ಜುಲೈವರೆಗೆ ವಿಸ್ತರಿಸಿದ್ದಾರೆಂದು ಅದರ ಹಿಂದಿನ ವಾರವಷ್ಟೇ ತಿಳಿದಿತ್ತು. ಅದನ್ನು ನಾನು ಸಂಘದಲ್ಲಿ ಹೇಳಿರಲಿಲ್ಲ. ನನ್ನ ಹೆಂಡತಿಯ ಎದುರು ಕೂಡ ಅದರ ಮಾತೆತ್ತುತ್ತಿರಲಿಲ್ಲ.

"ಮುಂದಕ್ಕೆ ಹಾಕಿದ್ರಾ?" ಎಂದಳು ಆರ್ಲೀನ್.

ನಾನು ತಲೆಯಾಡಿಸಿದೆ.

"ರಸೆಲ್‌ದೂ ಹಂಗೇ ಹಾಕಿದ್ರು. ಎರಡ್ ಸಲ." ಕೈಗವಸು ಮತ್ತೆ ಹಾಕಿಕೊಳ್ಳುತ್ತಾ, "ಬೈಯೋದಿನ್ನೂ ಇದ್ರೆ ಬೈದ್ಬಿಡು. ನಿಂತ್ಕೊಂಡ್ರೆ ಚಳಿ ಹತ್ತುತ್ತೆ ನಿಂಗೆ," ಎಂದಳು.

ಬೈಯುವುದು ಇನ್ನೂ ಇತ್ತು. ಬೈಯಲಾಗದೆ ಮನೆಗೆ ಬಂದೆ. ಇಷ್ಟಾದ ಮೇಲೂ, ಆಗಸ್ಟಿನಲ್ಲಿ ಸಂಘದವರು ಅವಳ ವಿರುದ್ಧ ನಿಮಗೆ ಕೊಡುವ ಮನವಿ ಹಿಡಿದು ಬಂದಾಗ ನಾನು ಸಹಿ ಹಾಕಿದೆ. ಏಕೆ ಎಂದು ಕೇಳುವಿರಾ? ಎಲ್ಲರೂ ಹಾಕುತ್ತಿದ್ದರು. ಪೆನ್ನು ನನ್ನ ಕೈಗೆ ಬಂತು. ಜುಲೈಗೆ ಬರಬೇಕಿದ್ದ ಜೀನೆಟ್‌ಳ ವಾಪಸಾತಿಯನ್ನು ಅಷ್ಟರಲ್ಲಿ ಡಿಸೆಂಬರಿಗೆ ಮುಂದೂಡಿದ್ದರು. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಗೊತ್ತಿಲ್ಲದವನು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದವಳ ಮೇಲೆ ತೀರಿಸಿಕೊಂಡೆ. ಫೋನಿನಲ್ಲಿ ಇದನ್ನು ಮಗಳಿಗೆ ಹೇಳಿದೆ. "ಅಪ್ಪಾ," ಎಂದಳು ಅವಳು, "ಇಲ್ಲಿ ನನ್ನ ಕೈಲಿ ಸತ್ತೋರು ಯಾರೂ ಬಾವುಟ ಕೇಳ್ಲಿಲ್ಲ. ಅಮ್ಮನ್ನ ಕೇಳಿದ್ರು."

ನಿಮ್ಮ ನಿಯಮ ಜಾರಿಯಾದ ಮೊದಲ ಶನಿವಾರ ನೀವು ಊರಲ್ಲಿರಲಿಲ್ಲ. ಆದ್ದರಿಂದ ಏನಾಯಿತೆಂದು ಹೇಳುತ್ತೇನೆ. ಆರ್ಲೀನ್ ಎಂದಿನಂತೆ ಒಂಬತ್ತಕ್ಕೆ ಬಂದಳು. ಅವಳನ್ನು ತಡೆಯಲು ನಿಮ್ಮ ಪೊಲೀಸ್ ವಿಭಾಗ ಕಳಿಸಿದ್ದು ಯಾರನ್ನು? ಕರ್ಟಿಸ್ ಪೆಲ್‌ನನ್ನು! ಶಾಲೆಯ ಫುಟ್ಬಾಲ್ ತಂಡದಲ್ಲಿ ರಸೆಲ್‌ನ ಪಕ್ಕದಲ್ಲೇ ಆಡಿದವನು, ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

"ಮಿಸೆಸ್ ವೋಯ್ಟ್, ಕುರ್ಚಿ ಹಾಕಂಗಿಲ್ಲ," ಎಂದ ಕರ್ಟಿಸ್, ನೆಲ ನೋಡುತ್ತಾ. "ಬೋರ್ಡೂ ಕೆಳಗಿಡಂಗಿಲ್ಲ. ಕೈಲಿ ಹಿಡ್ಕೊಂಡ್ ನಿಂತ್ರೆ ಪರವಾಗಿಲ್ಲ ಅಂತಿದೆ ಇದ್ರಲ್ಲಿ."

"ಆಯ್ತಪ್ಪ, ಹಿಡ್ಕೊಂಡ್ ನಿಲ್ತೀನಿ," ಎಂದಳು.

ಅವಳ ಎಡ ಮಂಡಿಗೆ ವಸಂತದಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಅರ್ಧ ಗಂಟೆ ಕಳೆಯುವುದರೊಳಗೆ ಫಲಕ ನಡುಗತೊಡಗಿತು. ನಾನು ರಸ್ತೆಯಾಚೆ, ಕ್ಷೌರದಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೌದು, ನೋಡುತ್ತಾ ನಿಂತಿದ್ದೆ. ಆಗ ಗ್ಲೆನ್‌ನ ಪಿಕಪ್ ಟ್ರಕ್ಕು ಬಂತು. ಅವನು ಅದನ್ನು ಹುಲ್ಲುಹಾಸಿನ ಅಂಚಿಗೆ, ರಸ್ತೆಯ ಮೇಲೆಯೇ ಹಿಮ್ಮುಖವಾಗಿ ನಿಲ್ಲಿಸಿ, ಇಳಿದು, ಹಿಂಬದಿಯ ಹಲಗೆಯನ್ನು ಕೆಳಕ್ಕೆ ಬಿಟ್ಟ.

"ಕೂತ್ಕೋ," ಎಂದ.

"ಗ್ಲೆನ್..."

"ಮಾತು ಬೇಡ. ಕೂತ್ಕೋ."

ಅವಳು ಕೂತಳು. ಅವನು ಮುಂದಿನ ಸೀಟಿಗೆ ಹೋಗಿ, ಬೆನ್ನು ತಿರುಗಿಸಿ ಕೂತು, ರೇಡಿಯೊ ಹಚ್ಚಿದ. ಯಾವ ಕಾರ್ಯಕ್ರಮ ಗೊತ್ತೇ? ಇಂಥ ತಾಯಂದಿರನ್ನು ದೇಶದ್ರೋಹಿಗಳೆಂದು ಬೈಯುವ ಶನಿವಾರದ ಆ ಕಾರ್ಯಕ್ರಮವೇ. ಹನ್ನೆರಡರವರೆಗೂ ಅದನ್ನು ಕೇಳುತ್ತಾ ಕೂತಿದ್ದ. ನಾನು ಕಿಟಕಿಯ ಹತ್ತಿರ ಹೋಗಿ, "ಮನಸ್ಸು ಬದಲಾಯ್ತಾ?" ಎಂದೆ.

"ಇಲ್ಲ," ಎಂದ. "ಅವಳ ಮಂಡಿ ಸರಿಯಿಲ್ಲ."

ಇಷ್ಟು ನಡೆದದ್ದು. ನಿಮಗೆ ವರದಿ ಹೋಗಿರಬೇಕು, ಏಕೆಂದರೆ ಗುರುವಾರದೊಳಗೆ ಆ ಅಂಚಿನಲ್ಲಿ ಹೊಸ ಫಲಕ ಎದ್ದಿತು: "ಶನಿವಾರ ವಾಹನ ನಿಲುಗಡೆ ಇಲ್ಲ." ನನ್ನ ಬೀದಿಯ ಗುಂಡಿ ಮುಚ್ಚಿ ಎಂದು ನಾನು ಕೇಳಿ ಎರಡು ಚಳಿಗಾಲ ಕಳೆದಿವೆ. ಒಬ್ಬ ತಾಯಿ ಕೂರದಂತೆ ಮಾಡಲು ನಿಮ್ಮ ಕಚೇರಿಗೆ ಐದೇ ದಿನ ಸಾಕಾಯಿತು. ನಮ್ಮ ಪುರಸಭೆ ಕೆಲಸ ಮಾಡುವುದಿಲ್ಲ ಎಂದವರು ಯಾರು?

ನಾನು ಆರ್ಲೀನ್‌ಳ ಪಕ್ಷ ಸೇರಿದೆನೆಂದು ತಿಳಿಯಬೇಡಿ. ಈ ಯುದ್ಧ ಸರಿಯೋ ತಪ್ಪೋ, ನಾನು ಬೆಳಿಗ್ಗೆ ಒಂದು ಹೇಳುತ್ತೇನೆ, ಸಂಜೆ ಇನ್ನೊಂದು ಹೇಳುತ್ತೇನೆ. ಮಗಳು ಬರುವ ತನಕ ನನಗೆ ನೆಟ್ಟಗೆ ಯೋಚಿಸಲು ಆಗುವುದೂ ಇಲ್ಲ. ಆದರೆ ಮಗನ ವಿಷಯದಲ್ಲಿ ಒಮ್ಮತವಿಲ್ಲದ ಆ ಇಬ್ಬರು ಒಂದೇ ಟ್ರಕ್ಕಿನಲ್ಲಿ ಎರಡೂವರೆ ಗಂಟೆ ಕೂರಬಲ್ಲರು. ಇಡೀ ಊರಿಗೆ, ಅದರ ಮೇಯರಿಗೆ, ಅಷ್ಟು ಹುಲ್ಲಿನಲ್ಲಿ ಅವಳ ಕುರ್ಚಿಗೆ ಜಾಗವಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು. ಕುರ್ಚಿಯ ನಿಯಮವನ್ನೂ ನಿಲುಗಡೆಯ ಫಲಕವನ್ನೂ ಕಿತ್ತುಹಾಕಿ. ಮನವಿಯಿಂದ ನನ್ನ ಹೆಸರು ಹೊಡೆದುಹಾಕಿ. ಮಾಜಿ ಸೈನಿಕರ ದಿನವಾದ ನವೆಂಬರ್ ಹನ್ನೊಂದರಂದು ಸೇತುವೆ ತೆರೆಯುವಾಗ ಆರ್ಲೀನ್ ಮತ್ತು ಗ್ಲೆನ್ ಇಬ್ಬರನ್ನೂ ಮಾತಿಗೆ ಕರೆಯಿರಿ. ಅವಳು ಒಂದು ಹೇಳುತ್ತಾಳೆ, ಅವನು ಇನ್ನೊಂದು ಹೇಳುತ್ತಾನೆ, ನಾವು ಎರಡನ್ನೂ ನಿಂತು ಕೇಳುತ್ತೇವೆ. ಅದಾಗದಿದ್ದರೆ ಸೇತುವೆಗೆ ನಿಮ್ಮದೇ ಹೆಸರಿಟ್ಟುಕೊಳ್ಳಿ. ರಸೆಲ್ ಎಂಬ ಹೆಸರು ಪುರಸಭೆಯ ಸ್ವತ್ತಲ್ಲ. ಹೆರಿಗೆ ಕೋಣೆಯಲ್ಲಿ ಆ ಹೆಸರನ್ನು ಆರಿಸಿ ಇಟ್ಟವಳು ಅವಳು. ಹೋಗಿ ಅವಳನ್ನು ಕೇಳಿ.

ಇಂತಿ,
ಯುದ್ಧಕ್ಕೆ ಹೋಗಿ ಬಂದರೂ ಒಂದು ರಸ್ತೆ ದಾಟಿ ಅವಳ ಪಕ್ಕ ನಿಲ್ಲಲು ಹದಿನಾಲ್ಕು ತಿಂಗಳು ಹೆದರಿದ,
ವೆಂಡೆಲ್ ಟ್ರಾಸ್ಕ್
ಹಾರ್ಲನ್ ಫೋರ್ಕ್, ಒಹಾಯೊ
ಅಕ್ಟೋಬರ್ 2006